ಡೇರೆಯಿಂದ ಮನೆಯವರೆಗೆ

"ಇವತ್ತು ಡ್ವಾಕ್ರಾ ಮೀಟಿಂಗು" ಎಂದು ಹೆಂಗಸರು ಪಾಸ್‌ಬುಕ್ ಹಿಡಿದು ಹೊರಡುವುದು ಪರಿಗಿ, ಹಿಂದೂಪುರ, ಮಡಕಶಿರಾ ಕಡೆ ದಿನನಿತ್ಯದ ನೋಟ. ಈ ಉಳಿತಾಯದ ಸಂಘಗಳಿಗೂ 1960ರಲ್ಲಿ ಪಿರಿಯಾಪಟ್ಟಣದ ಕಾಡಿಗೆ ಬಂದಿಳಿದ ಟಿಬೆಟನ್ನರಿಗೂ ನಂಟಿದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಆ ನಂಟನ್ನು ಬಿಡಿಸಿ ಹೇಳುವುದೇ ಈ ಅಧ್ಯಾಯದ ಕೆಲಸ. ಆದರೆ ಅದಕ್ಕೆ ಮೊದಲು ನಿರಾಶ್ರಿತ ಎಂದರೆ ಯಾರು ಎನ್ನುವುದು ಗೊತ್ತಾಗಬೇಕು.

ನಮ್ಮ ಸೀಮೆಗೆ ಗುಳೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಶೇಂಗಾ ಒಣಗಿ, ಮನೆಗೆ ಬೀಗ ಬಿದ್ದು, ಜನ ಬೆಂಗಳೂರಿನ ಕಟ್ಟಡಗಳ ಮೇಲೆ ಗಾರೆ ಹೊರಲು ಹೋಗುತ್ತಾರೆ. ಆದರೆ ಗುಳೆ ಹೋದವನ ಸೊಂಟದಲ್ಲಿ ಮನೆಯ ಬೀಗದ ಕೈ ಇರುತ್ತದೆ. ಹಬ್ಬಕ್ಕೋ ಹದ ಮಳೆಗೋ ಅವನು ತಿರುಗಿ ಬರುತ್ತಾನೆ. ನಿರಾಶ್ರಿತನಿಗೆ ತಿರುಗಿ ಹೋಗುವ ದಾರಿಯೇ ಮುಚ್ಚಿರುತ್ತದೆ. ಹೋದರೆ ಜೀವಕ್ಕೋ ನಂಬಿಕೆಗೋ ಅಪಾಯ. ಹಾಗಾಗಿ ಅವನಿಗೆ ಬೇಕಾದದ್ದು ನಾಲ್ಕು ದಿನದ ಗಂಜಿಕೇಂದ್ರವಲ್ಲ, ಹೊಸದೊಂದು ಊರು.

1959ರ ಮಾರ್ಚ್‌ನಲ್ಲಿ ದಲೈಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಬಹಳಷ್ಟು ಮಂದಿ ಬೆಟ್ಟದ ರಸ್ತೆ ಕಾಮಗಾರಿಗೆ ಸೇರಿದರು. ಅಲ್ಲಿ ಕಲ್ಲು ಒಡೆಯುತ್ತ ಕಾಯಿಲೆ ಬಿದ್ದವರಿಗೆ ಲೆಕ್ಕವಿಲ್ಲ. ಇವರಿಗೆ ನೆಲ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ, ಮೈಸೂರು ರಾಜ್ಯ ಪಿರಿಯಾಪಟ್ಟಣದ ಬೈಲಕುಪ್ಪೆ ಬಳಿ ಸುಮಾರು 3000 ಎಕರೆ ಕೊಟ್ಟಿತು. 1960ರ ಡಿಸೆಂಬರ್‌ನಲ್ಲಿ ಬಂದ ಮೊದಲ ತಂಡದಲ್ಲಿ ಇದ್ದವರು 666 ಮಂದಿ. ಹಿಮದ ನಾಡಿನವರು ಡೇರೆಯಲ್ಲಿ ಮಲಗಿ, ಮರ ಕಡಿದು, ಬೊಡ್ಡೆ ಕಿತ್ತು, ಆನೆ ಹಂದಿಗಳನ್ನು ಓಡಿಸಿ, ಹಿಂದೆಂದೂ ಕಾಣದ ಬಿಸಿಲಿನಲ್ಲಿ ಮುಸುಕಿನ ಜೋಳ ಬೆಳೆದರು. ಉಳಿದ ತಂಡಗಳೂ ಬಂದ ಮೇಲೆ ತಲೆಗೆ ಹೆಚ್ಚುಕಡಿಮೆ ಒಂದು ಎಕರೆ ಬಂತು. ಕ್ಷಯ ಬೆನ್ನು ಬಿಡಲಿಲ್ಲ.

ನೆಲ ಸರ್ಕಾರದ್ದು, ಬೆವರು ಅವರದ್ದು. ಉಳಿದದ್ದಕ್ಕೆ ಯಾರು? ಆಚಾರ್ಯ ಕೃಪಲಾನಿಯವರ ಮುಂದಾಳುತನದಲ್ಲಿ ದೇಶದೊಳಗೇ ಒಂದು ಪರಿಹಾರ ಸಮಿತಿ ಇತ್ತು. ಸ್ವಿಟ್ಜರ್ಲೆಂಡಿನವರು ಬೇಸಾಯದ ತಿಳಿವಳಿಕೆ ತಂದರು. ದೇಶದ ಟಿಬೆಟನ್ ಶಿಬಿರಗಳಿಗೆ ಕಾಳು, ಹಾಲಿನ ಪುಡಿ, ಬಟ್ಟೆ, ಔಷಧ ಕಳಿಸಿದವರಲ್ಲಿ ಚರ್ಚುಗಳ ಸಂಸ್ಥೆಗಳು ಮುಂದಿದ್ದವು. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು 1943ರಲ್ಲಿ ಯುರೋಪಿನ ಯುದ್ಧ ಸಂತ್ರಸ್ತರಿಗಾಗಿ ಕಟ್ಟಿದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ ಅವುಗಳಲ್ಲೊಂದು. 1946ರಲ್ಲಿ ಹಲವು ಪ್ರೊಟೆಸ್ಟಂಟ್ ಪಂಗಡಗಳು ಕೂಡಿ ತೆರೆದ ಚರ್ಚ್ ವರ್ಲ್ಡ್ ಸರ್ವಿಸ್ ಇನ್ನೊಂದು. ನಮ್ಮ ದೇಶದ ಪ್ರೊಟೆಸ್ಟಂಟ್ ಚರ್ಚುಗಳ 'ಕಾಸಾ' ಕೂಡ ಹುಟ್ಟಿದ್ದು 1947ರಲ್ಲಿ, ದೇಶ ಹೋಳಾಗಿ ಲಕ್ಷಗಟ್ಟಲೆ ಜನ ಬೀದಿಗೆ ಬಿದ್ದಾಗ.

ಕ್ರೈಸ್ತರಿಗೆ ಈ ಕೆಲಸದ ಮೇಲೆ ಇಷ್ಟು ಒಲವು ಯಾಕೆ ಎನ್ನುವುದಕ್ಕೆ ಉತ್ತರ ಅವರ ಬೈಬಲ್ಲಿನಲ್ಲೇ ಇದೆ. ಕೂಸು ಏಸುವನ್ನು ಎತ್ತಿಕೊಂಡು ಮರಿಯ ಮತ್ತು ಯೋಸೇಫರು ಹೆರೋದ ರಾಜನ ಕತ್ತಿಗೆ ಹೆದರಿ ರಾತ್ರೋರಾತ್ರಿ ಈಜಿಪ್ಟಿಗೆ ಓಡಿದರು. ಅಂದರೆ ಅವರ ದೇವರೇ ಒಮ್ಮೆ ನಿರಾಶ್ರಿತರ ಮಗು.

ಇಲ್ಲಿ ಓದುಗರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ಮುಚ್ಚಿಡುವುದು ಬೇಡ. ಅನ್ನದ ಜೊತೆ ಮತವೂ ಬಂತೇ? ಹಸಿದವನಿಗೆ ತಟ್ಟೆ ಕೊಡುವಾಗ ಅವನ ದೇವರನ್ನು ಕೇಳಿ ಪಡೆಯುವುದು ದಾನವಲ್ಲ, ವ್ಯಾಪಾರ. ಆ ಅಳುಕು ಟಿಬೆಟನ್ ಹಿರಿಯರಿಗೂ ಇತ್ತು. ಮಕ್ಕಳು ತಮ್ಮ ನುಡಿಯಲ್ಲಿ, ತಮ್ಮ ಧರ್ಮದಲ್ಲಿ ಬೆಳೆಯಬೇಕು ಎಂದು ಅವರು ಪಟ್ಟು ಹಿಡಿದರು. ಭಾರತ ಸರ್ಕಾರ ಅದಕ್ಕೆ ಒಪ್ಪಿ 1961ರಲ್ಲಿ ಟಿಬೆಟನ್ ಶಾಲೆಗಳಿಗೆಂದೇ ಬೇರೆ ಸಂಸ್ಥೆ ಮಾಡಿತು. ಫಲ ಕಣ್ಣೆದುರಿಗಿದೆ: ಚರ್ಚುಗಳ ಗೋಧಿ ಬಂದ ಕಾಲದಲ್ಲೇ, 1963ರಲ್ಲಿ, ಬೈಲಕುಪ್ಪೆಯಲ್ಲಿ ನಾಮ್‌ಡ್ರೋಲಿಂಗ್ ವಿಹಾರ ಎದ್ದಿತು. ಇಂದು ನಾವು 'ಗೋಲ್ಡನ್ ಟೆಂಪಲ್' ಎಂದು ಬಸ್ ಮಾಡಿಕೊಂಡು ಹೋಗಿ ನೋಡಿಬರುವುದು ಅದನ್ನೇ.

1966ರಲ್ಲಿ ಮುಂಡಗೋಡಿನಲ್ಲಿ ಇನ್ನೊಂದು ನೆಲೆ ಆಯಿತು. 1968ರಲ್ಲಿ ಕ್ಯಾಪ್ಟನ್ ವಿಲಿಯಂ ಡೇವಿನ್ಸನ್ ಮತ್ತು ಗೆಳೆಯರು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಅದೇ ಮೈರಾಡ. ಇದು ಯಾವ ಚರ್ಚಿನದೂ ಅಲ್ಲ. ಬೈಲಕುಪ್ಪೆಯ ಎರಡನೆಯ ನೆಲೆ, ಹುಣಸೂರು, ಕೊಳ್ಳೇಗಾಲದ ಕಡೆಯ ನೆಲೆಗಳು ಎಂದು ಹತ್ತು ವರ್ಷ ಸರ್ಕಾರದ ಜೊತೆ ದುಡಿದು ಸುಮಾರು 15,000 ಟಿಬೆಟನ್ನರಿಗೆ ನೆಲೆ ಮಾಡಿಕೊಟ್ಟಿತು. ಆಮೇಲೆ ಮಾಡಿದ ಕೆಲಸವೇ ನನಗೆ ದೊಡ್ಡದಾಗಿ ಕಾಣುವುದು. ಟಿಬೆಟನ್ನರು ಸಹಕಾರ ಸಂಘ ನಡೆಸಿಕೊಂಡು ತಮ್ಮ ಕಾಲ ಮೇಲೆ ನಿಂತರು ಎಂದು ಖಾತ್ರಿಯಾದ ಮೇಲೆ ಮೈರಾಡ ಎದ್ದು ಬೇರೆ ಊರಿಗೆ ನಡೆಯಿತು. ನಮ್ಮಲ್ಲಿ ದಾನ ಕೊಡುವವರಿಗೆ ಬರವಿಲ್ಲ. ಕೊಟ್ಟು, ಹೊತ್ತರಿತು ಎದ್ದು ಹೋಗುವವರು ಸಿಗುವುದು ಕಷ್ಟ.

ಹಾಗೆ ಹೊರಟ ಸಂಸ್ಥೆ ಬಯಲುಸೀಮೆಯ ಬಡವರ ಕಡೆ ತಿರುಗಿತು, ನಮ್ಮ ನೆರೆಯ ಮಡಕಶಿರಾಕ್ಕೂ ಬಂತು. 1984-85ರ ಹೊತ್ತಿಗೆ ಅದು ಕಟ್ಟಿದ ದೊಡ್ಡ ಸಹಕಾರ ಸಂಘಗಳು ಒಡೆಯತೊಡಗಿದ್ದವು. ಸಣ್ಣ ಸಣ್ಣ ಗುಂಪುಗಳಾಗಿ ಬಂದ ಸದಸ್ಯರು, ಸಾಲವನ್ನು ನಿಮಗೆ ಕಟ್ಟುತ್ತೇವೆ, ಆ ಸಂಘಕ್ಕೆ ಕಟ್ಟುವುದಿಲ್ಲ ಎಂದರಂತೆ. ಹಾಗಾದರೆ ನಿಮ್ಮ ನಿಮ್ಮೊಳಗೇ ಕಟ್ಟಿಕೊಳ್ಳಿ ಎಂದು ಮೈರಾಡದವರು ಹೇಳಿದರು. ಒಬ್ಬರನ್ನೊಬ್ಬರು ಬಲ್ಲ ಹದಿನೈದಿಪ್ಪತ್ತು ಜನರ ಸ್ವಸಹಾಯ ಗುಂಪು ಹೀಗೆ ಬೇರು ಬಿಟ್ಟಿತು. 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ಇಂಥ 500 ಗುಂಪುಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಯೋಜನೆ ದೇಶದ ಮಟ್ಟದಲ್ಲಿ ಶುರುವಾಯಿತು. ಡ್ವಾಕ್ರಾ ಸರ್ಕಾರದ ಬೇರೆಯೇ ಯೋಜನೆಯಾಗಿತ್ತು, ನಿಜ. ಆದರೆ ಇಂದು ಬ್ಯಾಂಕಿನ ಮೇನೇಜರು ಸಂಘದ ಹೆಂಗಸರನ್ನು ಕೂರಿಸಿ ಮಾತಾಡಿಸುತ್ತಾನೆ ಎಂದರೆ ಅದರ ಹಿಂದೆ ಈ ಎಳೆಯೂ ಇದೆ.

ಈಗ ಸ್ವಲ್ಪ ಹೊರದೇಶಗಳ ಮಾತು. ನಮ್ಮ ಹುಡುಗರು ಕೆಲಸ ಹಿಡಿದು ಅಮೆರಿಕಕ್ಕೆ ಹೋದರೆ ಗೆಳೆಯ ವಿಮಾನ ನಿಲ್ದಾಣಕ್ಕೆ ಬರುತ್ತಾನೆ, ಕನ್ನಡ ಕೂಟದವರು ಸಾರಿನ ಪುಡಿ ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ. ಭೂತಾನ ಬಿಟ್ಟು ಓಡಿಬಂದು ನೇಪಾಳದ ಶಿಬಿರಗಳಲ್ಲಿ ಹದಿನೈದಿಪ್ಪತ್ತು ವರ್ಷ ಕಳೆದ ನೇಪಾಳಿ ಭಾಷಿಕರಿಗೆ ಯಾರಿದ್ದರು? 2007ರಿಂದಾಚೆ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಬೇರೆ ದೇಶ ಸೇರಿದರು, ಬಹುಪಾಲು ಅಮೆರಿಕ. ಅಲ್ಲಿ ನಿರಾಶ್ರಿತರನ್ನು ಇಳಿಸಿಕೊಳ್ಳುವ ಹೊಣೆಯನ್ನು ಸರ್ಕಾರ ಕೆಲವು ಸಂಸ್ಥೆಗಳಿಗೆ ಒಪ್ಪಿಸಿತ್ತು. ಅವುಗಳಲ್ಲಿ ಹೆಚ್ಚಿನವು ಚರ್ಚುಗಳವು. ಬಾಡಿಗೆ ಮನೆ ಹುಡುಕಿ, ಹಾಸಿಗೆ ಪಾತ್ರೆ ಜೋಡಿಸಿ, ಬಂದ ರಾತ್ರಿಗೆ ಅವರ ಊಟವನ್ನೇ ಬಿಸಿಯಾಗಿ ಇಡಬೇಕಿತ್ತು. ಆಮೇಲೆ ಮಕ್ಕಳನ್ನು ಶಾಲೆಗೆ ಸೇರಿಸುವುದು, ಬಸ್ ಹತ್ತುವುದನ್ನು ಕಲಿಸುವುದು, ಆಸ್ಪತ್ರೆಯಲ್ಲಿ ದುಭಾಷಿಯನ್ನು ಒದಗಿಸುವುದು, ಕೆಲಸ ಹುಡುಕುವುದು. ಸರ್ಕಾರದ ದುಡ್ಡು ಸಿಗುತ್ತಿದ್ದದ್ದು ಮೊದಲ ಕೆಲವು ತಿಂಗಳಿಗಷ್ಟೇ. ವಿಮಾನದ ಟಿಕೆಟ್ಟೂ ಪುಕ್ಕಟೆಯಾಗಿರಲಿಲ್ಲ. ಅದು ಬಡ್ಡಿಯಿಲ್ಲದ ಸಾಲ, ಕಂತಿನಲ್ಲಿ ತೀರಿಸಬೇಕಿತ್ತು.

ಕೆನಡಾದ ರೀತಿಯೇ ಬೇರೆ. ಅಲ್ಲಿ ಊರಿನ ಜನರೇ ಗುಂಪು ಕಟ್ಟಿ ಒಂದು ಕುಟುಂಬವನ್ನು ಕರೆಸಿಕೊಂಡು ಒಂದು ವರ್ಷ ಅದರ ಖರ್ಚು, ಕಷ್ಟಸುಖ ನೋಡಿಕೊಳ್ಳಬಹುದು. 1979ರಲ್ಲಿ ಈ ಒಪ್ಪಂದಕ್ಕೆ ಮೊದಲು ಸಹಿ ಹಾಕಿದ್ದು ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಸಂಸ್ಥೆ. ಅವರಲ್ಲಿ ಹಲವರ ಹಿರಿಯರೇ 1920ರ ದಶಕದಲ್ಲಿ ರಷ್ಯಾ ಬಿಟ್ಟು ಓಡಿಬಂದವರು. ವಿಯೆಟ್ನಾಂ, ಕಾಂಬೋಡಿಯಾ, ಲಾವೋಸ್‌ಗಳಿಂದ ಆಗ ಎರಡೇ ವರ್ಷದಲ್ಲಿ ಸುಮಾರು 60,000 ಮಂದಿ ಬಂದರು. ಅರ್ಧಕ್ಕಿಂತ ಹೆಚ್ಚಿನವರನ್ನು ಕರೆಸಿಕೊಂಡದ್ದು ಇಂಥ ಗುಂಪುಗಳು.

ಇದೆಲ್ಲ ಹಾಲುಜೇನು ಎಂದೇನೂ ತಿಳಿಯಬೇಕಿಲ್ಲ. ತಾಯ್ನಾಡಿನಲ್ಲಿ ಮೇಷ್ಟರಾಗಿದ್ದವರು ಅಲ್ಲಿ ಕೋಳಿಮಾಂಸದ ಕಾರ್ಖಾನೆಯಲ್ಲಿ ನಿಲ್ಲಬೇಕಾಗುತ್ತದೆ. ಕರೆಸಿಕೊಂಡವರು ಬಾಯಿಬಿಟ್ಟು ಕೇಳದಿದ್ದರೂ ಭಾನುವಾರ ಚರ್ಚಿಗೆ ಹೋಗದಿದ್ದರೆ ಏನಂದುಕೊಳ್ಳುತ್ತಾರೋ ಎಂಬ ಮುಜುಗರ ಮನೆಯೊಳಗೆ ಇದ್ದೇ ಇರುತ್ತದೆ. ಅನ್ನ ಕೊಟ್ಟವರ ಎದುರು ತಲೆ ಎತ್ತಿ ಮಾತಾಡುವುದು ಯಾರಿಗೂ ಸುಲಭವಲ್ಲ.

ನಮ್ಮ ಸೀಮೆಯಲ್ಲೇ, ನೆರವಿಗೆ ಬಂದವನೇ ನೆಲೆ ಹುಡುಕಬೇಕಾದ ಒಂದು ತಿರುವುಮುರುವು ಕಥೆಯಿದೆ. ಕಲ್ಯಾಣದುರ್ಗದಲ್ಲಿ ಆರ್‌ಡಿಟಿ ಆಸ್ಪತ್ರೆ ಇದೆಯಲ್ಲ, ಆ ಸಂಸ್ಥೆ ಕಟ್ಟಿದ ವಿಸೆಂಟ್ ಫೆರರ್ ಸ್ಪೇನಿನ ಜೆಸ್ವಿಟ್ ಪಾದ್ರಿ. 1952ರಲ್ಲಿ ಭಾರತಕ್ಕೆ ಬಂದು ಮಹಾರಾಷ್ಟ್ರದ ಮನ್ಮಾಡ್ ಕಡೆ ರೈತರ ಜೊತೆ ಬಾವಿ ತೋಡಿಸುತ್ತಿದ್ದವರಿಗೆ 1968ರಲ್ಲಿ ಸರ್ಕಾರ ದೇಶ ಬಿಟ್ಟು ಹೋಗಿ ಎಂದಿತು. ರೈತರು ಸಾವಿರಗಟ್ಟಲೆ ಮೆರವಣಿಗೆ ಹೊರಟರು. 1969ರಲ್ಲಿ ಅವರು ತಿರುಗಿ ಬಂದಾಗ ಜಾಗ ಕೊಟ್ಟದ್ದು ಬರದ ಅನಂತಪುರ. ಮರುವರ್ಷ ಪಾದ್ರಿತನ ಬಿಟ್ಟರು, ಊರು ಬಿಡಲಿಲ್ಲ. 2009ರಲ್ಲಿ ತೀರಿಕೊಂಡದ್ದೂ ಇಲ್ಲೇ.

ಬೈಲಕುಪ್ಪೆಗೆ ಮರಳೋಣ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಟಿಬೆಟನ್ನರ ಕೈಯಲ್ಲಿರುವುದು ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. ಆದರೂ ಎಷ್ಟೋ ಮಂದಿ ಆ ಪತ್ರವನ್ನೇ ಇಟ್ಟುಕೊಂಡಿದ್ದಾರೆ, ಟಿಬೆಟ್ಟಿಗೆ ಮರಳುವ ಆಸೆ ಅದರಲ್ಲಿ ಉಳಿದಿದೆ ಎಂದು.

ಚಳಿಗಾಲ ಬಂದರೆ ಅವರು ಊರೂರಿಗೆ ಸ್ವೆಟರ್ ಮಾರಲು ಬರುತ್ತಾರೆ. ಎದುರು ಸಿಕ್ಕಾಗ ಕೈಸನ್ನೆ ಮಾಡುತ್ತ ಅರೆಬರೆ ಹಿಂದಿಯಲ್ಲಿ ಒದ್ದಾಡಬೇಡಿ, ಕನ್ನಡದಲ್ಲೇ ಚೌಕಾಸಿ ಮಾಡಿ. ಬೈಲಕುಪ್ಪೆಯವರೋ ಮುಂಡಗೋಡಿನವರೋ ಆಗಿದ್ದರೆ ಉತ್ತರವೂ ಕನ್ನಡದಲ್ಲೇ ಬಂದೀತು.