ಋತುವಿಗೊಂದು ಜಡೆ

ಅಂಕೋಲೆ ಪೇಟೆಯಲ್ಲಿ ಹೂ ಮಾರುವ ಹೆಂಗಸರ ಬುಟ್ಟಿ ನೋಡಿದರೆ ಸಾಕು, ಪಂಚಾಂಗ ತೆರೆಯದೆಯೂ ತಿಂಗಳು ಯಾವುದೆಂದು ಹೇಳಬಹುದು. ಕೇದಗೆ ಇದ್ದರೆ ಶ್ರಾವಣ. ಸೇವಂತಿಗೆ, ಗೊಂಡೆ ತುಂಬಿದ್ದರೆ ದೀಪಾವಳಿಯ ಆಸುಪಾಸು. ಸುರಗಿಯ ಮೊಗ್ಗು ಬಂತೆಂದರೆ ಶಿವರಾತ್ರಿಯ ಹೊತ್ತು. ಮಲ್ಲಿಗೆ ರಾಶಿ ಬಿದ್ದಿದ್ದರೆ ಬೇಸಿಗೆ ರಜೆ. ಆ ಬುಟ್ಟಿಯ ಹೂ ಸುತ್ತಲಿನ ಊರುಗಳ ಪುಟ್ಟ ಹುಡುಗಿಯರ ಜಡೆ ಸೇರುತ್ತದೆ. ಕಾರವಾರ, ಅಂಕೋಲೆಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲಿರುವ ಹಟ್ಟಿಕೇರಿ, ಅದರ ನೆರೆಯ ಅವರ್ಸಾ, ಬೇಲೇಕೇರಿಯಂಥ ಊರುಗಳಲ್ಲಿ ಜಡೆ ಹೆಣೆಯುವ ಕೈಗೆ ಕೂದಲೂ ಗೊತ್ತಿರಬೇಕು, ಹೂವೂ ಗೊತ್ತಿರಬೇಕು, ಹವೆಯೂ ಗೊತ್ತಿರಬೇಕು. ಮನೆಮನೆಯಲ್ಲಿ ನಡೆಯುವ ಈ ಕೆಲಸವನ್ನು ಯಾರೂ ಕಸುಬೆಂದು ಕರೆಯುವುದಿಲ್ಲ. ಆದರೆ ಕಸುಬಿಗೆ ಬೇಕಾದ ಹದ, ಲೆಕ್ಕ, ತಾಳ್ಮೆ ಎಲ್ಲವೂ ಇದರಲ್ಲಿವೆ.

ಮಳೆಗಾಲದ ಎರಡು ಜಡೆ

ಕರಾವಳಿಯ ಈ ಭಾಗದಲ್ಲಿ ವರ್ಷಕ್ಕೆ ಸುಮಾರು 3 ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಶಾಲೆ ಶುರುವಾದ ಹೊಸತಿನಲ್ಲೇ. ಆ ದಿನಗಳಲ್ಲಿ ತಲೆಗೂದಲು ಒಣಗುವುದೇ ದೊಡ್ಡ ಕೆಲಸ. ಒದ್ದೆ ಕೂದಲು ಒಣಗಿದ್ದಕ್ಕಿಂತ ಬೇಗ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ತಲೆಸ್ನಾನ ಶನಿವಾರ ಮಧ್ಯಾಹ್ನವೋ ಭಾನುವಾರವೋ ಆದರೆ ಒಳ್ಳೆಯದು. ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿ ತೆಗೆದ ಗೊಂಪು, ಇಲ್ಲವೇ ಸೀಗೆಪುಡಿ ಹಾಕಿ ತೊಳೆದು, ಹಳೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಪೂರ್ತಿ ಆರಿದ ಮೇಲೆಯೇ ಹಣಿಗೆ ಹಿಡಿಯಬೇಕು. ಸಿಕ್ಕು ಬಿಡಿಸುವಾಗ ತುದಿಯಿಂದ ಶುರುಮಾಡಿ ಬುಡದತ್ತ ಹೋದರೆ ಮಗು ಅಳುವುದಿಲ್ಲ.

ಶಾಲೆಯ ಎರಡು ಜಡೆಗೆ ಒಂದೇ ನಿಯಮ: ಬೈತಲೆ ನೇರವಾಗಿರಬೇಕು. ಹಣೆಯ ನಡುವಿನಿಂದ ಕತ್ತಿನ ಕುಳಿಯವರೆಗೆ ಹಣಿಗೆಯ ಹಲ್ಲಿನ ತುದಿಯಿಂದ ಗೆರೆ ಎಳೆದು, ಎರಡೂ ಪಾಲನ್ನು ಕಿವಿಯ ಹಿಂದೆ ಹಿಡಿದು ಹೆಣೆಯುವುದು. ಅರ್ಧ ಇಳಿದಾಗ ಟೇಪನ್ನು ಒಂದು ಕಾಲಿನ ಜೊತೆ ಸೇರಿಸಿಕೊಂಡರೆ ಅದು ಜಾರುವುದಿಲ್ಲ. ಕೊನೆಗೆ ಜಡೆಯನ್ನು ಮೇಲಕ್ಕೆ ಮಡಚಿ, ಬುಡಕ್ಕೆ ಸುತ್ತಿ, ಟೇಪಿನ ಹೂ ಕಟ್ಟಿದರೆ ಸಂಜೆಯ ಗಂಟೆ ಹೊಡೆಯುವವರೆಗೂ ಚಿಂತೆಯಿಲ್ಲ. ಮಡಚಿದ ಜಡೆಗೆ ಇನ್ನೊಂದು ಲಾಭವೂ ಇದೆ. ಹೇನು ಹಾರುವುದಿಲ್ಲ, ನೆಗೆಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ಹರಿದುಹೋಗುತ್ತದೆ. ಬಿಡಿಗೂದಲು ಕಡಿಮೆಯಾದಷ್ಟೂ ಅದಕ್ಕೆ ದಾರಿ ಕಡಿಮೆ. ಸೀರು ಒಡೆಯಲು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ಸೀರಣಿಗೆ ಹಾಕಿ ಒಮ್ಮೆ ಬಾಚಿದರೆ ಸಾಲದು, ವಾರ ಬಿಟ್ಟು ಮತ್ತೆ ಬಾಚಲೇಬೇಕು.

ಕೇದಗೆ, ಅಬ್ಬಲಿಗೆ ಮತ್ತು ಬಾಳೆನಾರು

ಶ್ರಾವಣ ಬಂದರೆ ಹಳ್ಳದ ಅಂಚಿನ ಮುಳ್ಳುಪೊದೆಗಳಲ್ಲಿ ಕೇದಗೆ ಪರಿಮಳಿಸುತ್ತದೆ. ನಾಗರಪಂಚಮಿಗೆ ನಾಗನಿಗೆ ಮೊದಲು, ಆಮೇಲೆ ಮನೆಯ ಹೆಣ್ಣುಮಕ್ಕಳಿಗೆ. ಕೇದಗೆಯಲ್ಲಿ ಗಂಡುಗಿಡ, ಹೆಣ್ಣುಗಿಡ ಬೇರೆಬೇರೆ. ನಾವು ಮುಡಿಯುವ ಹಳದಿ ಗರಿ ಗಂಡುಗಿಡದ ಹೂಗೊಂಚಲನ್ನು ಮುಚ್ಚಿಕೊಂಡಿರುವ ಎಸಳು. ಗರಿಯ ಎರಡೂ ಅಂಚಿನ ಮುಳ್ಳನ್ನು ಸೀಳಿ ತೆಗೆದು, ಬೆರಳಗಲಕ್ಕೆ ಮಡಚಿ, ಹೆಣೆದ ಜಡೆಯ ಸಂದುಗಳಲ್ಲಿ ಸಿಕ್ಕಿಸುತ್ತಾರೆ. ಒಣಗಿದ ಮೇಲೂ ಅದರ ವಾಸನೆ ಉಳಿಯುವುದರಿಂದ ಬಟ್ಟೆಯ ಪೆಟ್ಟಿಗೆಗೂ ಹೋಗುತ್ತದೆ.

ಹಬ್ಬಗಳ ಸಾಲಿಗೆ ಅಬ್ಬಲಿಗೆಯೇ ಆಧಾರ. ಘಟ್ಟದ ಮೇಲೆ ಕನಕಾಂಬರ ಎನ್ನುವ ಈ ಹೂವಿಗೆ ವಾಸನೆಯಿಲ್ಲ, ಭಾರವೂ ಇಲ್ಲ. ಒಂದು ಕಿಲೋ ತೂಗಬೇಕಾದರೆ ಸುಮಾರು 15 ಸಾವಿರ ಹೂ ಬೇಕು. ಎಳೆಯ ಮಗುವಿನ ತೆಳುಗೂದಲಿಗೆ ಇದಕ್ಕಿಂತ ಹೊಂದುವ ಹೂ ಇನ್ನೊಂದಿಲ್ಲ. ಮಲ್ಲಿಗೆಯ ದಂಡೆ ಎಳೆದು ಜೋತುಬೀಳುವಲ್ಲಿ ಅಬ್ಬಲಿಗೆ ಅಲ್ಲಾಡದೆ ಕೂರುತ್ತದೆ.

ದಂಡೆ ಹೆಣೆಯುವುದನ್ನು ನೋಡುತ್ತ ಕೂತರೆ ಜಡೆ ಮತ್ತು ದಂಡೆ ಒಂದೇ ಕೈಯ ವಿದ್ಯೆ ಎಂಬುದು ತಿಳಿಯುತ್ತದೆ. ಒಣಗಿದ ಬಾಳೆಯ ಪಟ್ಟೆಯನ್ನು ಉಗುರಿನಿಂದ ಸೀಳಿ ನಾರು ಮಾಡಿ, ನೀರಲ್ಲಿ ನೆನೆಸಿಟ್ಟರೆ ಅದು ದಾರದಷ್ಟು ಗಟ್ಟಿ, ಹೂವಿನ ತೊಟ್ಟು ಕೊಯ್ಯದಷ್ಟು ಮೆತ್ತಗೆ. ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎಡಗೈಯಲ್ಲಿ ಎರಡೆರಡು ಹೂಗಳನ್ನು ತೊಟ್ಟಿಗೆ ತೊಟ್ಟು ಎದುರಾಗಿ ಹಿಡಿದು, ಬಲಗೈಯಿಂದ ಸುತ್ತುಹಾಕಿ ಕುಣಿಕೆ ಬಿಗಿಯುತ್ತಾರೆ. ನಡುನಡುವೆ ಒಂದೊಂದು ತುಳಸಿಯ ಕುಡಿಯೋ ಮರುಗವೋ ಸೇರುತ್ತದೆ. ಕುಣಿಕೆ ಸಡಿಲವಾದರೆ ಹೂ ಉದುರುತ್ತದೆ, ಬಿಗಿಯಾದರೆ ತೊಟ್ಟು ತುಂಡಾಗುತ್ತದೆ. ಈ ಹದ ಬಂದ ಹುಡುಗಿಗೆ ಜಡೆಯ ಹದವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಸುರಗಿಯ ತಿಂಗಳು

ಅಂಕೋಲೆ ಸೀಮೆಯ ಹೆಮ್ಮೆ ಸುರಗಿ. ಕೊಂಕಣಿ ಮನೆಗಳಲ್ಲಿ ಇದೇ ಸುರಂಗಿ. ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿನ ಕರಾವಳಿಗೆ ಸೇರಿದ ಮರ. ಸಸ್ಯಶಾಸ್ತ್ರದಲ್ಲಿ ಮಾಮಿಯಾ ಸುರಿಗಾ. ಚಳಿ ಇಳಿಯುವ ಹೊತ್ತಿಗೆ ಟೊಂಗೆಗಳಿಗೇ ಅಂಟಿಕೊಂಡು ದುಂಡುಮೊಗ್ಗು ಬಿಡುತ್ತದೆ. ಅರಳಿದರೆ ಬೆಲೆಯಿಲ್ಲವಾದ್ದರಿಂದ ಬಿಸಿಲೇರುವ ಮುನ್ನವೇ ಕೊಯ್ಯಬೇಕು. ಬಿಳಿ ಎಸಳು, ನಡುವೆ ಹಳದಿ ಕೇಸರ. ಸುರಗಿಯ ದಂಡೆ ಬಾಡಿದಷ್ಟೂ ಪರಿಮಳ ಬಲಿಯುತ್ತದೆ. ಒಣಗಿಸಿದ ಮೊಗ್ಗು ಸುಗಂಧದ್ರವ್ಯ ತಯಾರಿಕೆಗೆ ಮಾರಾಟವಾಗುವುದೂ ಇದೇ ಕಾರಣಕ್ಕೆ. ಬಕುಲದ್ದೂ ಅದೇ ಗುಣ. ಬೆಳಿಗ್ಗೆ ಮರದಡಿ ಉದುರಿದ್ದನ್ನು ಮಕ್ಕಳೇ ಆಯ್ದು, ಹೂವಿನ ನಡುವಿನ ತೂತಿನಲ್ಲಿ ನಾರು ತೂರಿಸಿ ಪೋಣಿಸಿದರೆ ಸರ ಸಿದ್ಧ. ಸೂಜಿ ಹಿಡಿಯಲು ಬಾರದ ವಯಸ್ಸಿನವರಿಗೆ ಇದೇ ಮೊದಲ ಪಾಠ.

ಇದೇ ಋತುವಿನಲ್ಲಿ ಹಾಲಕ್ಕಿ ಒಕ್ಕಲಿಗರ ಸುಗ್ಗಿ. ಕುಣಿತದ ಗಂಡಸರ ತಲೆಯ ಮೇಲೆ ಬಣ್ಣಬಣ್ಣದ ತುರಾಯಿ. ತಲೆಯನ್ನು ಸಿಂಗರಿಸುವುದು ಈ ನೆಲದಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಬಿಟ್ಟ ವಿಷಯವಲ್ಲ.

ರಜೆಯಲ್ಲಿ ಹೊಸ ಜಡೆ

ಬೇಸಿಗೆಯ ಮಲ್ಲಿಗೆ ಮೊಗ್ಗಿನ ಜಡೆಯ ಕಾಲ. ಮೈಸೂರು ಸೀಮೆಯಿಂದ ಕರಾವಳಿಯವರೆಗೆ ಕನ್ನಡದ ಮನೆಗಳ ಹಳೆಯ ಆಲ್ಬಮ್ಮುಗಳಲ್ಲಿ ಇದರ ಗುರುತಿದೆ: ಸ್ಟುಡಿಯೋದಲ್ಲಿ ಕನ್ನಡಿಯ ಮುಂದೆ ನಿಂತ ಹುಡುಗಿ, ಕನ್ನಡಿಯೊಳಗೆ ಬೆನ್ನ ಮೇಲಿನ ಜಡೆ. ಅರಳದ ಮೊಗ್ಗುಗಳನ್ನು ಬಾಳೆಪಟ್ಟೆಯ ಮೇಲೆ ಸಾಲಾಗಿ ಹೊಲಿದು, ನಡುವೆ ಅಬ್ಬಲಿಗೆಯ ಗೆರೆ ಬರೆದು, ಕೊನೆಗೆ ಕುಚ್ಚು ಕಟ್ಟುವ ಈ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಸಂಜೆ ಮೊಗ್ಗು ಬಿರಿಯುವುದರೊಳಗೆ ಮುಗಿಯಬೇಕು.

ಅಷ್ಟು ಹೊತ್ತಿಲ್ಲದವರಿಗೂ ರಜೆಯಲ್ಲಿ ಕಲಿಯಬಹುದಾದ ಜಡೆಗಳಿವೆ. ನಾಲ್ಕು ಕಾಲಿನ ಜಡೆಗೆ ಕೂದಲನ್ನು ನಾಲ್ಕು ಪಾಲು ಮಾಡಿ, ಬಲತುದಿಯ ಕಾಲನ್ನು ಪಕ್ಕದ್ದರ ಮೇಲೆ, ಅದರಾಚೆಯದರ ಕೆಳಗೆ, ಕೊನೆಯದರ ಮೇಲೆ ದಾಟಿಸಿ ಎಡಕ್ಕೆ ತರಬೇಕು. ಮತ್ತೆ ಬಲತುದಿಯಿಂದ ಅದೇ ಕ್ರಮ. ಚಾಪೆಯ ನೇಯ್ಗೆಯಂತೆ ಅಗಲವಾಗಿ ಇಳಿಯುವ ಈ ಜಡೆಯ ಸಂದುಗಳಲ್ಲಿ ಒಂದೊಂದು ಅಬ್ಬಲಿಗೆ ಸಿಕ್ಕಿಸಿದರೆ ಬೇರೆ ಒಡವೆ ಬೇಡ. ಫಿಶ್‌ಟೇಲ್ ಜಡೆಗೆ ಎರಡೇ ಪಾಲು. ಒಂದು ಪಾಲಿನ ಹೊರ ಅಂಚಿನಿಂದ ತೆಳುವಾದ ಎಳೆ ತೆಗೆದು ಇನ್ನೊಂದರ ಒಳಬದಿಗೆ ಸೇರಿಸುವುದು, ಆಮೇಲೆ ಆ ಕಡೆಯಿಂದ ಈ ಕಡೆಗೆ. ಎಳೆ ತೆಳುವಾದಷ್ಟೂ ನೇಯ್ಗೆ ಚೆಂದ. ಫ್ರೆಂಚ್ ಜಡೆಯಲ್ಲಿ ನೆತ್ತಿಯ ಬಳಿ ಸಣ್ಣ ಮೂರು ಕಾಲಿನಿಂದ ಶುರುಮಾಡಿ, ಪ್ರತಿ ದಾಟಿಗೂ ಬದಿಯ ಕೂದಲನ್ನು ಸ್ವಲ್ಪ ಸೇರಿಸಿಕೊಳ್ಳುತ್ತ ಹೋಗಬೇಕು. ಹಣೆಯ ಮೇಲೆ ಬೀಳುವ ಗಿಡ್ಡ ಕೂದಲು ಇದರಲ್ಲಿ ಅಚ್ಚುಕಟ್ಟಾಗಿ ಸೇರಿಕೊಳ್ಳುತ್ತದೆ. ಮೂರು ನಾಲ್ಕು ವರ್ಷದ ಮಗುವಿಗೆ ಮುಂದಲೆಯಲ್ಲಿ ಪುಟ್ಟ ಜುಟ್ಟುಗಳನ್ನು ಹಾಕಿ, ಒಂದರ ತುದಿಯನ್ನು ಮುಂದಿನದರ ಬುಡಕ್ಕೆ ಸೇರಿಸುತ್ತ ಸರಪಳಿಯಾಗಿ ಹಿಂದಕ್ಕೆ ಒಯ್ದರೆ ಐದು ನಿಮಿಷದ ಕೆಲಸ.

ಹೆಣೆದದ್ದು ಬಿಚ್ಚುವ ವಿದ್ಯೆ

ನಮ್ಮ ಜನಪದದಲ್ಲಿ ಜಡೆಕೋಲಾಟವೆಂಬ ಆಟವಿದೆ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಬ್ಬೊಬ್ಬರು ಒಂದೊಂದರಂತೆ ಹಿಡಿದು, ತಾಳಕ್ಕೆ ತಕ್ಕಂತೆ ಒಬ್ಬರನ್ನೊಬ್ಬರು ದಾಟಿ ಕುಣಿಯುತ್ತ ಹೋದರೆ ಮೇಲೆ ಜಡೆ ಬೆಳೆಯುತ್ತದೆ. ಆಮೇಲೆ ಬಂದ ಹೆಜ್ಜೆಗಳನ್ನೇ ತಿರುವಿ ಹಾಕಿದರೆ ಜಡೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಇದೇ ತತ್ತ್ವವನ್ನು ಗಣಿತಜ್ಞ ಎಮಿಲ್ ಆರ್ಟಿನ್ 1925ರಲ್ಲಿ ಸೂತ್ರಕ್ಕೆ ಇಳಿಸಿದರು: ಎಳೆಗಳ ಪ್ರತಿ ದಾಟಿಗೂ ಅದನ್ನು ಅಳಿಸುವ ಎದುರು ದಾಟಿಯಿದೆ, ಜಡೆಗಳನ್ನು ಒಂದರ ಮುಂದೊಂದು ಜೋಡಿಸಿ ಗುಣಿಸಬಹುದು. ಇಂದು ಭೌತಶಾಸ್ತ್ರದ ಸಂಶೋಧನೆಯಲ್ಲಿ ಈ ಜಡೆಗಣಿತಕ್ಕೆ ಸ್ಥಾನವಿದೆ. ಮೇಲೆ, ಕೆಳಗೆ, ಮೇಲೆ ಎಂದು ತಂಗಿಯ ಕೂದಲು ದಾಟಿಸುತ್ತಿರುವ ಅಕ್ಕ ಅದೇ ಲೆಕ್ಕವನ್ನು ಬೆರಳಲ್ಲಿ ಮಾಡುತ್ತಿರುತ್ತಾಳೆ. ಶಾಲೆಯಲ್ಲಿ ವಿನ್ಯಾಸ, ಸಮಮಿತಿ ಕಲಿಸುವ ಮೇಷ್ಟ್ರಿಗೆ ಮೂರು ಬಣ್ಣದ ಟೇಪು ಕೈಯಲ್ಲಿದ್ದರೆ ಪಾಠ ಮಕ್ಕಳಿಗೆ ಮುಟ್ಟುತ್ತದೆ.

ಬಿಗಿ ಬೇಡ

ಒಂದು ಎಚ್ಚರಿಕೆ ಹೇಳಲೇಬೇಕು. ಜಡೆ ಬಿಗಿಯಾದಷ್ಟೂ ಕೂದಲು ಉದ್ದ ಬೆಳೆಯುತ್ತದೆ ಎಂಬ ನಂಬಿಕೆ ತಪ್ಪು. ಕೂದಲು ಬೆಳೆಯುವುದು ಬುಡದಿಂದ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಎಳೆದರೆ ಆ ವೇಗ ಹೆಚ್ಚುವುದಿಲ್ಲ. ದಿನವೂ ಜಗ್ಗಿ ಕಟ್ಟಿದರೆ ಹಣೆಯಂಚು, ಕಿವಿಯ ಮೇಲ್ಭಾಗದಲ್ಲಿ ಕೂದಲು ತೆಳುವಾಗುತ್ತದೆ, ವರ್ಷಗಟ್ಟಲೆ ಹೀಗೇ ಆದರೆ ಬುಡವೇ ಸತ್ತು ಮತ್ತೆ ಹುಟ್ಟದೆ ಹೋಗಬಹುದು. ಜಡೆ ಹಾಕಿದ ಮೇಲೆ ಮಗು ಹುಬ್ಬೇರಿಸಿದಾಗ ನೋವಾದರೆ ಬಿಚ್ಚಿ ಮತ್ತೆ ಹಾಕಿ. ಬರಿಯ ರಬ್ಬರ್ ಬ್ಯಾಂಡಿಗಿಂತ ಬಟ್ಟೆ ಸುತ್ತಿದ ಬ್ಯಾಂಡು ವಾಸಿ. ರಾತ್ರಿ ಮಲಗುವಾಗ ಹೂ, ಪಿನ್ನು ತೆಗೆದು ಸಡಿಲವಾದ ಒಂದೇ ಜಡೆ ಸಾಕು. ಬೈತಲೆಯನ್ನು ಆಗಾಗ ಬದಲಿಸಿದರೆ ಒಂದೇ ಜಾಗಕ್ಕೆ ಭಾರ ಬೀಳುವುದಿಲ್ಲ.

ಬೆಳಗಿನ ಗಡಿಬಿಡಿಯಲ್ಲಿ ಜಡೆ ಹಾಕುವ ಹತ್ತು ನಿಮಿಷ ತಾಯಿಯ ಪಾಲಿಗೇ ಬೀಳಬೇಕೆಂದಿಲ್ಲ. ಬಲೆಯ ಕಣ್ಣು ಹೆಣೆಯುವ, ಹಗ್ಗ ಹೊಸೆಯುವ ಅಪ್ಪಂದಿರ ಬೆರಳಿಗೆ ಮೂರು ಕಾಲಿನ ಜಡೆ ಒಂದು ದಿನದ ಕಲಿಕೆ. ಹಾಗೆಯೇ ಮನೆಯ ಹಿತ್ತಲಲ್ಲಿ ಅಬ್ಬಲಿಗೆಯ ಒಂದು ಸಾಲು, ಶಾಲೆಯ ಬೇಲಿಯ ಬಳಿ ಒಂದು ಬಕುಲ, ಊರ ದೇವಸ್ಥಾನದ ಮಗ್ಗುಲಲ್ಲಿ ಒಂದು ಸುರಗಿ ನೆಟ್ಟರೆ ಈ ಕಸುಬಿಗೆ ಬೇಕಾದ ಬಂಡವಾಳ ಬಂದಂತೆಯೇ. ಅಬ್ಬಲಿಗೆ ಕೆಲವೇ ತಿಂಗಳಲ್ಲಿ ಹೂ ಕೊಡುತ್ತದೆ. ಸುರಗಿಗೆ ವರ್ಷಗಳು ಬೇಕು, ಆದ್ದರಿಂದ ಅದನ್ನು ಈ ಮಳೆಗಾಲದಲ್ಲೇ ನೆಡುವುದು ಒಳ್ಳೆಯದು.