ಘಟಪ್ರಭೆಯ ಜಾಡಿನಲ್ಲಿ ಸೈಕಲ್ ದಾರಿ

ಬೆಳಗಾವಿ ಕಡೆಯಿಂದ ಸೈಕಲ್ ಹತ್ತಿ ಹುಕ್ಕೇರಿ, ಗೋಕಾಕ, ಮೂಡಲಗಿ ಹಾಯ್ದು ಬಾಗಲಕೋಟೆ, ವಿಜಯಪುರದವರೆಗೆ ಹೋಗಬೇಕೆನ್ನುವವರು ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ಘಟಪ್ರಭೆ ಹರಿಯುವ ದಿಕ್ಕನ್ನು ನೋಡಬೇಕು. ಸಹ್ಯಾದ್ರಿಯಿಂದ ಬರುವ ಈ ನದಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ, ಧೂಪದಾಳದ ಒಡ್ಡು ದಾಟಿ, ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಕೆಳಗೆ ಧುಮುಕಿ, ಮೂಡಲಗಿ ಸೀಮೆಯತ್ತ ಸಾಗುತ್ತದೆ. ನಡುವೆ ಗುಡ್ಡಗಳ ಏರು ಎದುರಾದರೂ ಪೂರ್ವಕ್ಕೆ ಹೊರಟವರಿಗೆ ಒಟ್ಟಾರೆ ಇಳಿಜಾರೇ ಸಿಗುತ್ತದೆ.

ಗಾಳಿಯದೂ ಲೆಕ್ಕ ಉಂಟು. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಬೆನ್ನಿಗೆ ನಿಂತು ತಳ್ಳುತ್ತದೆ. ಚಳಿಗಾಲದಲ್ಲಿ ಮೂಡಗಾಳಿ ಬೀಸುತ್ತದೆ. ಎರಡೂ ಬದಿಗೆ ಚೀಲ ಕಟ್ಟಿದ ಸೈಕಲ್ಲಿಗೆ ಅದನ್ನು ಎದುರಿಸುವುದು ಏರು ಹತ್ತಿದಷ್ಟೇ ದಣಿವು.

ಹಾಗೆಂದು ಜುಲೈ, ಆಗಸ್ಟ್‌ನಲ್ಲಿ ಹೊರಡುವುದು ಸರಿಯಲ್ಲ. 2019ರ ಆಗಸ್ಟ್ ಪ್ರವಾಹದಲ್ಲಿ ಗೋಕಾಕದ ಲೋಳಸೂರ ಸೇತುವೆಯೇ ಮುಳುಗಿತ್ತು. ಮೂಡಲಗಿ ತಾಲ್ಲೂಕಿನ ಸುಣಧೋಳಿಯಂಥ ಕಡೆ ತಗ್ಗಿನ ಸೇತುವೆಗಳ ಮೇಲೆ ನೀರು ಬಂದರೆ ಸಂಚಾರ ನಿಲ್ಲುತ್ತದೆ. ಮೊಬೈಲ್ ನಕ್ಷೆಯಲ್ಲಿ ಮಾತ್ರ ಆ ಸೇತುವೆ ವರ್ಷವಿಡೀ ಒಂದೇ ಗೆರೆ. ಹೊಳೆ ದಾಟುವ ಹಿಂದಿನ ದಿನ ಆ ಊರಿನ ಚಹಾ ಅಂಗಡಿಗೋ ಬಸ್ ನಿಲ್ದಾಣಕ್ಕೋ ಹೋಗಿ ವಿಚಾರಿಸಿದರೆ ಹತ್ತಾರು ಕಿಲೋಮೀಟರ್ ಸುತ್ತು ಉಳಿದೀತು.

ನಕ್ಷೆ ತೋರಿಸುವ ಇನ್ನೊಂದು ಆಕರ್ಷಣೆ ಕಾಲುವೆ ದಂಡೆ. ಧೂಪದಾಳದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆಯ ನೀರು ತನ್ನಷ್ಟಕ್ಕೆ ಹರಿಯಬೇಕಾದ್ದರಿಂದ ಅದು ನೆಲದ ಮಟ್ಟ ಹಿಡಿದೇ ಬಳಸಿ ಹೋಗುತ್ತದೆ. ಹೀಗಾಗಿ ದಂಡೆಯ ಮೇಲೆ ಏರಿಲ್ಲ, ಲಾರಿಗಳ ಕಾಟವಿಲ್ಲ. ಆದರೆ ಅಲ್ಲಿ ಡಾಂಬರು ಇರುತ್ತದೆಂಬ ಭರವಸೆಯಿಲ್ಲ. ಒಂದು ಮಳೆ ಬಿದ್ದರೆ ಸಾಕು, ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡ್ ಸಂದಿಯಲ್ಲಿ ಗಟ್ಟಿಯಾಗಿ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆದರಿ ನಾಲ್ಕು ಹೆಜ್ಜೆ ನೂಕಿದರೆ ಮತ್ತೆ ಅದೇ ಕತೆ. ಒಣ ದಿನಗಳಲ್ಲಿ ಜಾಲಿಮುಳ್ಳಿನ ಸರದಿ; ಎರಡು ಟ್ಯೂಬು, ಪ್ಯಾಚು, ಪಂಪು ಇಲ್ಲದೆ ಈ ದಾರಿ ಹಿಡಿಯಬಾರದು.

ಕಬ್ಬಿನ ಹಂಗಾಮನ್ನು ದೂರದವರು ಮರೆಯುವುದೇ ಹೆಚ್ಚು. ಸಂಕೇಶ್ವರದ ಹಿರಣ್ಯಕೇಶಿ, ಗೋಕಾಕದ ಘಟಪ್ರಭಾ ಸೇರಿದಂತೆ ಸುತ್ತಲೂ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಡಬ್ಬಿ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬಿರುತ್ತವೆ. ಹೇರು ಡಬ್ಬಿಯ ಅಗಲ ಮೀರಿ ಚಾಚಿರುತ್ತದೆ, ಹಿಂದೆ ದೀಪವಿಲ್ಲದ ಡಬ್ಬಿಗಳೂ ಓಡುತ್ತವೆ. ಕತ್ತಲಾದ ಮೇಲೆ ಈ ರಸ್ತೆಗಳಲ್ಲಿ ಸೈಕಲ್ ತುಳಿಯಲೇಬಾರದು. ಹೊಳೆ ಇಳಿದು, ಕಾರ್ಖಾನೆ ಇನ್ನೂ ಶುರುವಾಗದ, ಜಲಪಾತದಲ್ಲಿ ನೀರಿರುವ ದಸರೆಯ ಮುಂಚಿನ ವಾರಗಳೇ ಹೆಚ್ಚು ಅನುಕೂಲ; ಆಗಾಗ ಮಳೆ ಬಂದೀತು, ಅಷ್ಟೇ.

ದಿನಕ್ಕೆ ಎಷ್ಟು ದೂರ? ನಿಗದಿತ ಸಮಯದೊಳಗೆ ಮುಗಿಸಬೇಕಾದ ‘ಬ್ರೆವೆ’ ಎಂಬ ದೂರದ ಸೈಕಲ್ ಸವಾರಿಗಳಲ್ಲಿ 200 ಕಿ.ಮೀ. ಕ್ರಮಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ಹೊರೆ ಹೊತ್ತು ಊರು ನೋಡಲು ಹೊರಟವರಿಗೆ ಆ ಅಳತೆ ಬೇಡ. ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳು, ಘಟಪ್ರಭಾ ಪಕ್ಷಿಧಾಮ, ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತ ಇವನ್ನೆಲ್ಲ ನೋಡಬೇಕೆಂದರೆ ದಿನಕ್ಕೆ ಐವತ್ತು–ಅರವತ್ತು ಕಿ.ಮೀ. ಧಾರಾಳವಾಯಿತು. ಮಧ್ಯಾಹ್ನ ಖಾನಾವಳಿಯ ರೊಟ್ಟಿ ಊಟವಾದ ಮೇಲೆ ಒಂದು ಗಂಟೆ ನೆರಳಿನಲ್ಲಿ ಕೂರುವುದನ್ನೂ ಯೋಜನೆಯಲ್ಲಿ ಬರೆದಿಟ್ಟುಕೊಳ್ಳಬೇಕು.

ನಡುದಾರಿಯಲ್ಲಿ ಸೈಕಲ್ ಕೈಕೊಟ್ಟರೆ ಹಿಂತಿರುಗುವ ದಾರಿಯೂ ಗೊತ್ತಿರಬೇಕು. ಮೀರಜ್–ಲೋಂಡಾ ರೈಲು ಮಾರ್ಗದಲ್ಲಿ ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪುರ ನಿಲ್ದಾಣಗಳಿವೆ. ಯಾವ ನಿಲ್ದಾಣದಲ್ಲಿ ಯಾವ ಗಾಡಿ ನಿಲ್ಲುತ್ತದೆ, ಸೈಕಲ್ಲನ್ನು ಪಾರ್ಸೆಲ್ ಮಾಡಲು ಎಲ್ಲಿ ಅವಕಾಶವಿದೆ ಎಂಬುದನ್ನು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಬೇಕು.