ಗೊಂಬೆಮನೆಗಳು

ಅರಸರ ವಂಶಾವಳಿ, ಯುದ್ಧಗಳು ನಡೆದ ವರ್ಷಗಳು, ಒಪ್ಪಂದಗಳ ವಿವರ, ಇವೆಲ್ಲವೂ ಚರಿತ್ರೆಯ ಗ್ರಂಥಗಳಲ್ಲಿ ದೊರೆಯುತ್ತವೆ. ಆದರೆ ಆ ಕಾಲದ ಒಬ್ಬ ಗೃಹಿಣಿ ತನ್ನ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಹೇಗೆ ಜೋಡಿಸಿಡುತ್ತಿದ್ದಳು, ದೀಪವನ್ನು ಎಲ್ಲಿ ತೂಗುಹಾಕುತ್ತಿದ್ದಳು, ಮಗುವಿನ ತೊಟ್ಟಿಲು ಯಾವ ಮೂಲೆಯಲ್ಲಿರುತ್ತಿತ್ತು ಎಂಬುದನ್ನು ಬರೆದಿಟ್ಟವರು ವಿರಳ. ಎಲ್ಲರಿಗೂ ತಿಳಿದಿರುವ ಸಂಗತಿಯನ್ನು ಬರೆದಿಡುವ ಅಗತ್ಯ ಯಾರಿಗೂ ತೋರುವುದಿಲ್ಲ. ಆದುದರಿಂದಲೇ ಎಲ್ಲರಿಗೂ ತಿಳಿದಿದ್ದುದು ಎಲ್ಲಕ್ಕಿಂತ ಬೇಗ ಮರೆತುಹೋಗುತ್ತದೆ. ಇಂತಹ ಮರೆವಿನಿಂದ ಗತಕಾಲದ ಮನೆವಾರ್ತೆಯನ್ನು ಕಾಪಾಡಿರುವ ಸಾಧನಗಳಲ್ಲಿ ಗೊಂಬೆಮನೆಯೂ ಒಂದು.

ಗೊಂಬೆಮನೆ ಎಂದೊಡನೆ ಅದು ಮಕ್ಕಳ ಆಟಿಕೆಯೆಂದು ನಾವು ಭಾವಿಸುತ್ತೇವೆ. ಆದರೆ ಯುರೋಪಿನಲ್ಲಿ ಅದು ಮೊದಲು ಹಿರಿಯರ ಸೊತ್ತಾಗಿತ್ತು. ಬವೇರಿಯದ ದೊರೆ ಐದನೆಯ ಆಲ್ಬ್ರೆಕ್ಟನು 1558ರ ಸುಮಾರಿಗೆ ಮ್ಯೂನಿಕ್ ನಗರದಲ್ಲಿ ಒಂದು ಗೊಂಬೆಮನೆಯನ್ನು ಮಾಡಿಸಿದನು. ಆ ಮನೆ ಮುಂದೆ ಬೆಂಕಿಗೆ ಆಹುತಿಯಾಯಿತು. ಆದರೂ 1598ರಲ್ಲಿ ಸಿದ್ಧವಾದ ಒಂದು ಪಟ್ಟಿಯಿಂದಾಗಿ ಅದರ ಕೋಣೆಗಳ ವಿವರ ನಮಗೆ ತಿಳಿದುಬಂದಿದೆ. 17ನೆಯ ಶತಮಾನದ ಹೊತ್ತಿಗೆ ಜರ್ಮನಿಯ ನ್ಯೂರೆಂಬರ್ಗ್ ನಗರದ ಸಿರಿವಂತ ಮನೆತನಗಳು ಇಂತಹ ಮನೆಗಳನ್ನು ಮಾಡಿಸತೊಡಗಿದವು. 1639ರ ಅಂತಹದೊಂದು ಮನೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಆ ಕಾಲದ ನಿಜವಾದ ಅಡುಗೆಮನೆಗಳು ಅಳಿದುಹೋದವು. ಅವುಗಳ ಪುಟ್ಟ ಪ್ರತಿಕೃತಿ ಮಾತ್ರ ಉಳಿಯಿತು.

ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ಪೆಟ್ರೊನೆಲ್ಲ ಊರ್ಟ್‌ಮನ್ ಎಂಬ ಮಹಿಳೆ 1686ರಿಂದ 1710ರ ಸುಮಾರಿನವರೆಗೆ ಒಂದು ದೊಡ್ಡ ಕಪಾಟಿನೊಳಗೆ ತನ್ನ ಗೊಂಬೆಮನೆಯನ್ನು ರೂಪಿಸಿದಳು. ಅದಕ್ಕಾಗಿ ಚೀನಾ ದೇಶದಿಂದ ಪುಟ್ಟ ಪಿಂಗಾಣಿ ಪಾತ್ರೆಗಳನ್ನು ತರಿಸಿದಳು; ನುರಿತ ಬಡಗಿಗಳಿಂದ ಪೀಠೋಪಕರಣಗಳನ್ನೂ ಚಿತ್ರಕಾರರಿಂದ ಗೋಡೆಯ ಚಿತ್ರಗಳನ್ನೂ ಮಾಡಿಸಿದಳು. ಇದಕ್ಕೆ ತಗುಲಿದ ಹಣದಲ್ಲಿ ಆ ನಗರದಲ್ಲಿ ವಾಸಕ್ಕೆ ಯೋಗ್ಯವಾದ ಒಂದು ಮನೆಯನ್ನೇ ಕೊಳ್ಳಬಹುದಾಗಿತ್ತೆಂದು ಹೇಳುತ್ತಾರೆ. ಅದು ಈಗ ಅದೇ ನಗರದ ರೈಕ್ಸ್ ಮ್ಯೂಸಿಯಂನಲ್ಲಿದೆ.

ಗೊಂಬೆಮನೆಗಳ ರಚನೆಗೆ ಆಧಾರವಾದುದು ಪ್ರಮಾಣಬದ್ಧತೆ. ಇಂದು ಬಹುಮಟ್ಟಿಗೆ ಬಳಕೆಯಲ್ಲಿರುವ ಪ್ರಮಾಣವು ಹನ್ನೆರಡಕ್ಕೆ ಒಂದು, ಎಂದರೆ ಒಂದು ಅಡಿಗೆ ಒಂದು ಅಂಗುಲ. ಆರು ಅಡಿಯ ಮನುಷ್ಯನು ಇಲ್ಲಿ ಆರು ಅಂಗುಲದ ಗೊಂಬೆಯಾಗುತ್ತಾನೆ. 30 ಅಂಗುಲ ಎತ್ತರದ ಮೇಜು ಎರಡೂವರೆ ಅಂಗುಲಕ್ಕೆ ಇಳಿಯುತ್ತದೆ. ಈ ಪ್ರಮಾಣದ ಸುಪ್ರಸಿದ್ಧ ಕೃತಿಯೆಂದರೆ ಇಂಗ್ಲೆಂಡಿನ ರಾಣಿ ಮೇರಿಗಾಗಿ 1921ರಿಂದ 1924ರವರೆಗೆ ನಿರ್ಮಾಣಗೊಂಡ ಗೊಂಬೆಮನೆ. ಅದನ್ನು ಯೋಜಿಸಿದವನು ಎಡ್ವಿನ್ ಲಟ್ಯೆನ್ಸ್. ನಮ್ಮ ದೆಹಲಿಯ ರಾಷ್ಟ್ರಪತಿ ಭವನದ ಶಿಲ್ಪಿಯೂ ಅವನೇ. ಆ ಪುಟ್ಟ ಮನೆಯ ನಲ್ಲಿಗಳಲ್ಲಿ ನೀರು ಹರಿಯುತ್ತದೆ, ವಿದ್ಯುದ್ದೀಪಗಳು ಬೆಳಗುತ್ತವೆ. ಅಲ್ಲಿನ ಗ್ರಂಥಭಂಡಾರಕ್ಕಾಗಿ ಆರ್ಥರ್ ಕಾನನ್ ಡಾಯ್ಲ್ ಮೊದಲಾದ ಲೇಖಕರು ಸ್ವಹಸ್ತದಿಂದ ಕಿರುಪುಸ್ತಕಗಳನ್ನು ಬರೆದುಕೊಟ್ಟರು. ಅರಸನ ಶಯನಾಗಾರವಷ್ಟೇ ಅಲ್ಲದೆ ಅಡುಗೆಮನೆ, ಸೇವಕರ ಕೋಣೆ ಇವೂ ಅಷ್ಟೇ ನಿಷ್ಠೆಯಿಂದ ಅಲ್ಲಿ ರೂಪುಗೊಂಡಿವೆ. ಅದನ್ನು ಇಂದಿಗೂ ವಿಂಡ್ಸರ್ ಅರಮನೆಯಲ್ಲಿ ಕಾಣಬಹುದು.

ಎಲ್ಲವನ್ನೂ ಹನ್ನೆರಡರಿಂದ ಭಾಗಿಸಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಉದ್ದವು ಹನ್ನೆರಡರಲ್ಲಿ ಒಂದು ಪಾಲಾದಾಗ ವಿಸ್ತೀರ್ಣವು 144ರಲ್ಲಿ ಒಂದು ಪಾಲಾಗುತ್ತದೆ. ಗಾತ್ರ ಮತ್ತು ತೂಕಗಳು 1,728ರಲ್ಲಿ ಒಂದು ಪಾಲಾಗುತ್ತವೆ. ಇದರ ಪರಿಣಾಮವನ್ನು ಕಿಟಕಿಯ ಪರದೆಯಲ್ಲಿ ಕಾಣಬಹುದು. ಮನೆಯ ಪರದೆಯ ಬಟ್ಟೆಯನ್ನೇ ಚಿಕ್ಕದಾಗಿ ಕತ್ತರಿಸಿ ತೂಗುಹಾಕಿದರೆ ಅದು ನೆರಿಗೆಯಾಗಿ ಇಳಿಬೀಳದೆ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಬಟ್ಟೆಯ ದಪ್ಪವೂ ಬಿರುಸೂ ಮೊದಲಿನಷ್ಟೇ ಇದ್ದು, ಅದನ್ನು ಕೆಳಕ್ಕೆಳೆಯುವ ಭಾರ ಮಾತ್ರ ಅತ್ಯಲ್ಪವಾಗಿರುವುದೇ ಇದಕ್ಕೆ ಕಾರಣ. ಆದುದರಿಂದ ಕುಶಲಿಗಳು ತೊಳೆದು ತೊಳೆದು ಸವೆದ ತೆಳುವಾದ ಹತ್ತಿಯ ಬಟ್ಟೆಯನ್ನು ಆರಿಸಿಕೊಂಡು, ಗುಂಡುಸೂಜಿಗಳಿಂದ ನೆರಿಗೆ ಹಿಡಿದು, ತಿಳಿಗಂಜಿಯಲ್ಲಿ ನೆನೆಸಿ ಒಣಗಿಸುತ್ತಾರೆ. ಮರದ ಎಳೆಗಳೂ ಬಟ್ಟೆಯ ಮೇಲಿನ ಹೂವುಗಳೂ ನವುರಾಗಿರಬೇಕು. ಇಲ್ಲವಾದರೆ ಇಡೀ ಕೋಣೆ ಸುಳ್ಳಾಗಿ ತೋರುತ್ತದೆ.

ಹಳೆಯ ಕಾಲದ ದೃಶ್ಯವನ್ನು ರಚಿಸುವವನು ಮೊದಲು ಆ ಕಾಲವನ್ನು ಅಭ್ಯಾಸ ಮಾಡಬೇಕು. ಹಳೆಯ ಚಿತ್ರಗಳನ್ನು ಪರಿಶೀಲಿಸಬೇಕು, ಉಳಿದಿರುವ ವಸ್ತುಗಳನ್ನು ಅಳೆಯಬೇಕು, ಹಿರಿಯರನ್ನು ಕೇಳಿ ತಿಳಿಯಬೇಕು. ಸೀಮೆಎಣ್ಣೆಯ ದೀಪದ ಕಾಲದ ಕೋಣೆಯಲ್ಲಿ ವಿದ್ಯುತ್ತಿನ ಗುಂಡಿಯೊಂದು ಕಂಡರೆ ಉಳಿದ ಪರಿಶ್ರಮವೆಲ್ಲ ವ್ಯರ್ಥ. ಅನಂತರ ರಟ್ಟಿನಲ್ಲಿ ಒಂದು ಮಾದರಿಯನ್ನು ಮಾಡಿ ಅಳತೆಗಳನ್ನು ಒರೆಹಚ್ಚಿ ನೋಡಬೇಕು. ಗೋಡೆ, ನೆಲ, ಕಿಟಕಿಗಳು ಸಿದ್ಧವಾದ ಮೇಲೆ ಪೀಠೋಪಕರಣಗಳ ಸರದಿ. ಕೊನೆಯದು ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ, ವಸ್ತುಗಳಿಗೆ ವಯಸ್ಸನ್ನು ತರುವುದು. ಚಹಾದ ಕಷಾಯದಲ್ಲಿ ಅದ್ದಿದ ಕಾಗದವೂ ಬಟ್ಟೆಯೂ ಕಾಲದ ಕಂದುಬಣ್ಣವನ್ನು ಪಡೆಯುತ್ತವೆ. ಕುರ್ಚಿಯ ತೋಳನ್ನು ಕೈ ಊರುವೆಡೆಯಲ್ಲಿ ಮಾತ್ರ ಉಪ್ಪುಕಾಗದದಿಂದ ಉಜ್ಜಬೇಕು. ಹೊಸ್ತಿಲನ್ನು ಕಾಲು ತುಳಿಯುವ ನಡುಭಾಗದಲ್ಲಿ ಸವೆಸಬೇಕು. ಒಲೆಯ ಮೇಲಿನ ಗೋಡೆಗೆ ಮಸಿ ಹಿಡಿಸಬೇಕು. ಎಲ್ಲೆಂದರಲ್ಲಿ ಬಳಿದ ಮಸಿ ಕೊಳೆಯಾಗಿ ಕಾಣುತ್ತದೆ; ಹೊಗೆ ತಾಗುವಲ್ಲಿ ಹಿಡಿದ ಮಸಿ ಬಾಳಿನ ಗುರುತಾಗುತ್ತದೆ.

ಈ ಗುರುತುಗಳ ಶಕ್ತಿಯನ್ನು ಬಲ್ಲವರಲ್ಲಿ ಅಮೆರಿಕದ ನಾರ್ಸಿಸ್ಸಾ ಥಾರ್ನ್ ಎಂಬಾಕೆ ಅಗ್ರಗಣ್ಯಳು. ಆಕೆ 1932ರಿಂದ 1940ರವರೆಗೆ ಕುಶಲಕರ್ಮಿಗಳ ನೆರವಿನಿಂದ ರೂಪಿಸಿದ, ಯುರೋಪು ಮತ್ತು ಅಮೆರಿಕಗಳ ಬೇರೆ ಬೇರೆ ಕಾಲದ ಕೋಣೆಗಳಲ್ಲಿ 68 ಶಿಕಾಗೋ ನಗರದ ಕಲಾಸಂಸ್ಥೆಯಲ್ಲಿವೆ. ಅವುಗಳಲ್ಲಿ ಒಂದೂ ಗೊಂಬೆಯಿಲ್ಲ. ಆದರೂ ತೆರೆದಿಟ್ಟ ಪುಸ್ತಕ, ಕಳಚಿಟ್ಟ ಕನ್ನಡಕ ಮುಂತಾದವುಗಳಿಂದಾಗಿ, ಮನೆಯವರು ಈಗತಾನೆ ಹೊರಗೆ ಹೋದಂತೆ ಭಾಸವಾಗುತ್ತದೆ.

ಇದೇ ವಿದ್ಯೆಯನ್ನು ನ್ಯಾಯದ ಸೇವೆಗೆ ಬಳಸಿದವಳು ಅದೇ ಶಿಕಾಗೋದಲ್ಲಿ 1878ರಲ್ಲಿ ಜನಿಸಿದ ಫ್ರಾನ್ಸಿಸ್ ಗ್ಲೆಸ್ನರ್ ಲೀ. ಅಸಹಜ ಸಾವು ಸಂಭವಿಸಿದ ಮನೆಗಳಲ್ಲಿ ಆರಕ್ಷಕರು ಕಣ್ಣಿಟ್ಟು ನೋಡದೆ ಸಾಕ್ಷ್ಯವನ್ನು ಕಳೆಯುತ್ತಿದ್ದುದು ಆಕೆಯ ಮನಸ್ಸನ್ನು ಕಲಕಿತು. 1940ರ ದಶಕದಲ್ಲಿ ಆಕೆ ಅಂತಹ ಕೋಣೆಗಳ ಕಿರುಪ್ರತಿಕೃತಿಗಳನ್ನು ರಚಿಸತೊಡಗಿದಳು. ಗುಂಡುಸೂಜಿಗಳನ್ನೇ ಕಡ್ಡಿಗಳಾಗಿ ಬಳಸಿ ಗೊಂಬೆಯ ಕಾಲುಚೀಲವನ್ನು ಹೆಣೆದಳು. ತರಬೇತಿಗೆ ಬಂದ ಅಧಿಕಾರಿಗಳು ಕೈಯಿಂದ ಏನನ್ನೂ ಮುಟ್ಟದೆ ಪ್ರತಿಯೊಂದು ವಸ್ತುವನ್ನೂ ಗಮನಿಸಿ ತಮ್ಮ ತೀರ್ಮಾನವನ್ನು ಹೇಳಬೇಕಾಗಿತ್ತು. ಒಂದು ಕಲೆ, ಒಂದು ಮಗುಚಿದ ಕುರ್ಚಿ ನಿರಪರಾಧಿಯನ್ನು ಉಳಿಸಬಲ್ಲದು ಎಂಬುದೇ ಆಕೆ ಕಲಿಸಿದ ಪಾಠ. ಬಡವರ ಮನೆಯ ಸಾವನ್ನೂ ಸಿರಿವಂತರ ಮನೆಯ ಸಾವಿನಷ್ಟೇ ಶ್ರದ್ಧೆಯಿಂದ ಪರಿಶೀಲಿಸಬೇಕೆಂಬ ಭಾವ ಆ ಪುಟ್ಟ ಕೋಣೆಗಳಲ್ಲಿ ಎದ್ದು ಕಾಣುತ್ತದೆ.

ಈ ಕಲೆ ನಮಗೆ ತೀರ ಅಪರಿಚಿತವೇನೂ ಅಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ದಸರೆಯ ಗೊಂಬೆಗಳನ್ನು ಕೂರಿಸುವವರು ಮೆಟ್ಟಿಲುಗಳ ಕೆಳಗೆ ಮಣ್ಣು ಹರಡಿ, ರಾಗಿಯ ಪೈರು ಬೆಳೆಸಿ, ಬಾವಿ, ಗುಡಿ, ಸಂತೆಗಳಿರುವ ಹಳ್ಳಿಯನ್ನು ನಿರ್ಮಿಸುತ್ತಾರೆ. ಅದಕ್ಕೆ ಅಳತೆಯ ಶಿಸ್ತನ್ನು ಕೂಡಿಸಿದರೆ ನಮ್ಮ ಅಜ್ಜಿಯರ ಅಡುಗೆಮನೆಯನ್ನೂ ಉಳಿಸಿಕೊಳ್ಳಬಹುದು. ಒರಳುಕಲ್ಲು, ಬೀಸುಕಲ್ಲು, ಕಡೆಗೋಲು, ನೀರಿನ ಹಂಡೆ ಇವು ಅನೇಕ ಮನೆಗಳಿಂದ ಈಗಾಗಲೇ ಮರೆಯಾಗಿವೆ. ಅವುಗಳನ್ನು ಬಳಸಿ ಬಲ್ಲ ಹಿರಿಯರು ಇನ್ನೂ ನಮ್ಮೊಡನೆ ಇದ್ದಾರೆ. ಒರಳಿನ ಎತ್ತರವೆಷ್ಟು, ಅದರ ಯಾವ ಅಂಚು ಸವೆದಿತ್ತು, ಯಾರ ಕೈಯಿಂದ ಸವೆಯಿತು ಎಂದು ಅವರನ್ನು ಕೇಳುವ ಕಾಲ ಇದೇ. ಕೇಳಿ ಅಳೆದು ಮಾಡಿದ ಒಂದು ಪುಟ್ಟ ಒರಳುಕಲ್ಲು, ಹೆಸರೇ ಉಳಿಯದ ಎಷ್ಟೋ ಜನರ ದುಡಿಮೆಗೆ ಸಾಕ್ಷಿಯಾಗಿ ನಿಲ್ಲಬಲ್ಲದು.